ಹೂಳು ಮರೆಯದ ಲೆಕ್ಕ: ಜಿನ್‌ಜೂ ನದಿಯ ಚರಿತ್ರೆ



ಚರಿತ್ರೆಯ ಉಪನ್ಯಾಸವೆಂದೊಡನೆ ಅರಸರ ವಂಶಾವಳಿಯನ್ನೂ ಯುದ್ಧಗಳ ಇಸವಿಗಳನ್ನೂ ನಿರೀಕ್ಷಿಸಿ ಬಂದವರಲ್ಲಿ ನಾವು ಮೊದಲಿಗೆ ಕ್ಷಮೆ ಕೋರಬೇಕು. ವೃತ್ತಿಯಿಂದ ವೈದ್ಯರಾದ ನಮಗೆ ಅರಸರ ಪರಿಚಯ ಕಡಿಮೆ, ಮೂಳೆ ಮೂತ್ರಪಿಂಡಗಳ ಪರಿಚಯ ಹೆಚ್ಚು. ಆದುದರಿಂದ ಈ ದಿನ ನಾವು ಹೇಳಹೊರಟಿರುವುದು ಜಪಾನ್ ದೇಶದ ಒಂದು ನದಿಯ ಹೂಳಿನ ಚರಿತ್ರೆಯನ್ನು. ಆ ಹೂಳಿನೊಳಗಿನ ಲೋಹವು ಗದ್ದೆಗೆ ಇಳಿದು, ಭತ್ತಕ್ಕೆ ಏರಿ, ಅನ್ನದ ಮೂಲಕ ಮನುಷ್ಯರ ಮೂಳೆಗಳನ್ನು ಮುರಿದ ಬಗೆಯನ್ನು. ಅದರ ಜಾಡನ್ನು ಹಿಡಿದು ಹೊರಟ ಒಬ್ಬ ಹಳ್ಳಿಯ ವೈದ್ಯರ ಕಥೆಯನ್ನು.

ಹರಿಯುವ ನೀರಿಗೆ ದೋಷವಿಲ್ಲವೆಂದು ನಮ್ಮ ಹಿರಿಯರು ನಂಬಿದ್ದರು. ಆ ನಂಬಿಕೆಯಲ್ಲಿ ಅರ್ಧ ಸತ್ಯವಿದೆ. ನೀರು ಹರಿದುಹೋಗುತ್ತದೆ, ನಿಜ; ಆದರೆ ನೀರು ಹೊತ್ತು ತಂದ ಹೂಳು ಎಲ್ಲವೂ ಹರಿದುಹೋಗುವುದಿಲ್ಲ. ಅದು ತಿರುವುಗಳಲ್ಲಿ, ಕಾಲುವೆಗಳಲ್ಲಿ, ಗದ್ದೆಗಳಲ್ಲಿ ತಂಗುತ್ತದೆ. ನೀರು ಮರೆತ ಲೆಕ್ಕವನ್ನು ಹೂಳು ಬರೆದಿಟ್ಟುಕೊಳ್ಳುತ್ತದೆ. ಈ ಮಾತನ್ನು ತಿಳಿಯಲು ಜಪಾನೀಯರು ತೆತ್ತ ಬೆಲೆ ಬಹು ದೊಡ್ಡದು.

ಮೊದಲಿಗೆ ಹೂಳಿನ ಗುಣವನ್ನು ಸ್ವಲ್ಪ ನೋಡೋಣ. ಬೆಟ್ಟದ ಬಂಡೆ ಬಿಸಿಲು ಮಳೆಗಳಿಗೆ ಶಿಥಿಲವಾಗಿ ಪುಡಿಯಾದಾಗ ಅದರಲ್ಲಿದ್ದ ರಂಜಕ, ಪೊಟ್ಯಾಸಿಯಂ, ಕಬ್ಬಿಣ, ಮ್ಯಾಂಗನೀಸ್, ಸತು ಮುಂತಾದುವು ನದಿಯನ್ನು ಸೇರುತ್ತವೆ. ಇವುಗಳಲ್ಲಿ ಬಹುಪಾಲು ನೀರಿನಲ್ಲಿ ಕರಗಿ ಸಾಗುವುದಿಲ್ಲ; ಜೇಡಿಯ ನುಣ್ಣನೆಯ ಕಣಗಳಿಗೂ, ಆ ಕಣಗಳ ಮೇಲೆ ತುಕ್ಕಿನಂತೆ ಕವಿದ ಕಬ್ಬಿಣದ ಆಕ್ಸೈಡಿಗೂ ಅಂಟಿಕೊಂಡು ಸಾಗುತ್ತವೆ. ಕಣ ಸಣ್ಣದಾದಷ್ಟೂ ಅಂಟುವ ಮೈ ಹೆಚ್ಚು. ನೆರೆ ಇಳಿದ ಮೇಲೆ ಉಳಿದ ತೆಳುವಾದ ಮೆಕ್ಕಲು ಮಣ್ಣು ರೈತನಿಗೆ ಗೊಬ್ಬರವಾಗುವುದು ಈ ಕಾರಣದಿಂದಲೇ. ನೈಲ್ ನದಿಯ ದಂಡೆಯಲ್ಲಿ ಸಾವಿರಾರು ವರ್ಷ ಬಾಳಿದ ನಾಗರಿಕತೆ ಈ ಕೆಸರನ್ನೇ ಉಂಡು ಬೆಳೆಯಿತು.

ಆದರೆ ಹೂಳು ಪಡೆದದ್ದನ್ನೆಲ್ಲ ಸದಾಕಾಲ ಬಿಗಿಹಿಡಿದಿರುವುದಿಲ್ಲ. ಕ್ಲಿಫರ್ಡ್ ಮಾರ್ಟಿಮರ್ ಎಂಬ ಆಂಗ್ಲ ವಿಜ್ಞಾನಿ ಇಂಗ್ಲೆಂಡಿನ ಸರೋವರಗಳ ಕೆಸರನ್ನು ಪರೀಕ್ಷಿಸಿ 1941 ಮತ್ತು 1942ರಲ್ಲಿ ಪ್ರಕಟಿಸಿದ ಪ್ರಬಂಧಗಳು ಈ ವಿಷಯದಲ್ಲಿ ಇಂದಿಗೂ ಬುನಾದಿಯಾಗಿವೆ. ಕೆಸರಿನ ಮೇಲ್ಪದರದಲ್ಲಿ ಆಮ್ಲಜನಕ ಇರುವವರೆಗೆ ಕಬ್ಬಿಣದ ಆಕ್ಸೈಡು ಗಟ್ಟಿಯಾಗಿದ್ದು ರಂಜಕವನ್ನು ಹಿಡಿದಿಡುತ್ತದೆ. ಆಮ್ಲಜನಕ ತೀರಿದೊಡನೆ ಕಬ್ಬಿಣ ಕರಗುತ್ತದೆ, ಅದರೊಡನೆ ರಂಜಕವೂ ಬಿಡುಗಡೆಯಾಗಿ ನೀರಿಗೆ ಮರಳುತ್ತದೆ. ಎಂದರೆ ಹೂಳು ಬರಿಯ ಉಗ್ರಾಣವಲ್ಲ, ಬಾಗಿಲುಳ್ಳ ಉಗ್ರಾಣ. ಆ ಬಾಗಿಲಿನ ಬೀಗದ ಕೈ ಬಹುಮಟ್ಟಿಗೆ ಆಮ್ಲಜನಕದ ವಶದಲ್ಲಿದೆ. ಈ ಒಂದು ಸಂಗತಿಯನ್ನು ತಾವು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ. ಮುಂದಿನ ಕಥೆಯೆಲ್ಲ ಇದರ ಸುತ್ತ ತಿರುಗುತ್ತದೆ.

ಹೂಳು ವರವಾಗಿದ್ದದ್ದು ಶಾಪವಾಗಬಲ್ಲದೆಂಬುದಕ್ಕೆ ಜಪಾನಿನಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೇ ಎಚ್ಚರಿಕೆ ದೊರೆತಿತ್ತು. ವತರಾಸೆ ನದಿಯ ರೈತರು ತಲೆಮಾರುಗಳಿಂದ ನೆರೆಯ ಮೆಕ್ಕಲನ್ನು ನಂಬಿ ಬೆಳೆ ತೆಗೆದವರು. ನದಿಯ ಮೇಲುಭಾಗದ ಆಶಿಯೋ ತಾಮ್ರದ ಗಣಿ ಬೆಳೆದ ಮೇಲೆ, 1890 ಮತ್ತು 1896ರ ನೆರೆಗಳು ಫಲವತ್ತಾದ ಮಣ್ಣಿಗೆ ಬದಲಾಗಿ ತಾಮ್ರದ ಕೆಸರನ್ನು ತಂದು ಗದ್ದೆಗಳಿಗೆ ಸುರಿದುವು. ಸಂಸತ್ ಸದಸ್ಯರಾಗಿದ್ದ ತನಾಕಾ ಶೋಜೋ ಆ ಸ್ಥಾನಕ್ಕೆ ರಾಜೀನಾಮೆ ಕೊಟ್ಟು, 1901ರಲ್ಲಿ ಚಕ್ರವರ್ತಿಯ ಸಾರೋಟಿನ ಮುಂದೆ ಮನವಿ ಹಿಡಿದು ನಿಂತರು. ಅವರ ಕೂಗು ದೇಶಕ್ಕೆಲ್ಲ ಕೇಳಿಸಿತು. ಆದರೆ ಗಣಿಗಾರಿಕೆ ನಿಲ್ಲಲಿಲ್ಲ.

ಇನ್ನು ನಮ್ಮ ಮುಖ್ಯ ಕಥೆಗೆ ಬರೋಣ. ಜಪಾನಿನ ನಡುಭಾಗದಲ್ಲಿ, ಗಿಫು ಪ್ರಾಂತದ ಹಿದಾ ಪರ್ವತ ಪ್ರದೇಶದಿಂದ ಇಳಿದು, ಉತ್ತರಕ್ಕೆ ಹರಿದು ತೊಯಾಮಾ ಕೊಲ್ಲಿಯನ್ನು ಸೇರುವ ನದಿಯೇ ಜಿನ್‌ಜೂ. ಅದರ ಉಪನದಿಯಾದ ತಕಾಹಾರಾದ ದಂಡೆಯಲ್ಲಿ ಕಾಮಿಯೋಕಾ ಗಣಿಯಿದೆ. ಅಲ್ಲಿ ಬೆಳ್ಳಿ, ತಾಮ್ರ, ಸೀಸಗಳನ್ನು ತೆಗೆಯುವ ಕೆಲಸ ಶತಮಾನಗಳಿಂದ ನಡೆದಿತ್ತು. ಮೇಜಿ ಯುಗದಲ್ಲಿ ಗಣಿಯು ಮಿತ್ಸುಯಿ ಸಂಸ್ಥೆಯ ಕೈಸೇರಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ, ಅದುವರೆಗೆ ಕಸವೆಂದು ಎಸೆಯುತ್ತಿದ್ದ ಸತುವಿನ ಅದಿರಿಗೆ ಬೆಲೆ ಬಂದು, ಅದನ್ನು ಬೇರ್ಪಡಿಸುವ ಕಾರ್ಯ ಆರಂಭವಾಯಿತು. ಯುದ್ಧಗಳು ನಡೆದಂತೆಲ್ಲ ಉತ್ಪಾದನೆ ಏರುತ್ತ ಹೋಯಿತು.

ಸತುವಿನ ಅದಿರಿನಲ್ಲಿ ಸ್ವಲ್ಪ ಪ್ರಮಾಣದಲ್ಲಿ ಇನ್ನೊಂದು ಲೋಹ ಅಡಗಿರುತ್ತದೆ. ಅದೇ ಕ್ಯಾಡ್ಮಿಯಂ. ಜರ್ಮನಿಯ ಗಟಿಂಗೆನ್ ನಗರದ ಫ್ರೀಡ್ರಿಖ್ ಸ್ಟ್ರೋಮೆಯರ್ 1817ರಲ್ಲಿ ಸತುವಿನ ಲವಣವೊಂದರಲ್ಲಿ ಇದನ್ನು ಗುರುತಿಸಿದರು. ಮೂಲಧಾತುಗಳ ಕೋಷ್ಟಕದಲ್ಲಿ ಇದು ಸತುವಿನ ನೇರ ಕೆಳಗಿನ ಮನೆಯಲ್ಲಿದೆ. ಗುಣದಲ್ಲಿ ಅಣ್ಣತಮ್ಮಂದಿರಂತೆ ಹೋಲಿಕೆಯುಂಟು. ಆದರೆ ಸತು ಜೀವಿಗಳಿಗೆ ಬೇಕೇಬೇಕಾದ ಪೋಷಕಾಂಶ, ಕ್ಯಾಡ್ಮಿಯಂ ನಮ್ಮ ದೇಹಕ್ಕೆ ಯಾವ ಉಪಯೋಗವೂ ಇಲ್ಲದ ವಿಷ. ಬಂಡೆಯೊಳಗೆ ಗಂಧಕದೊಡನೆ ಕೂಡಿಕೊಂಡಿರುವವರೆಗೆ ಅದು ಕರಗದೆ ಸುಮ್ಮನಿರುತ್ತದೆ. ಅದಿರನ್ನು ನುಣ್ಣಗೆ ಅರೆದು, ಬೇಕಾದ ಲೋಹವನ್ನು ಬೇರ್ಪಡಿಸಿ, ಉಳಿದ ಕೆಸರನ್ನು ಗಾಳಿಗೂ ಹೊಳೆಗೂ ಒಡ್ಡಿದಾಗ ಆ ಸುಮ್ಮನಿರುವಿಕೆ ಮುಗಿಯುತ್ತದೆ. ತೇಲಿಸಿ ಬೇರ್ಪಡಿಸುವ ಹೊಸ ವಿಧಾನ ಬಂದ ಮೇಲೆ ಅದಿರನ್ನು ಇನ್ನೂ ನುಣುಪಾಗಿ ಅರೆಯಬೇಕಾಯಿತು. ನುಣುಪಾದಷ್ಟೂ ಅದು ದೂರ ಸಾಗಿತು.

ಬೆಟ್ಟದಿಂದಿಳಿದ ಜಿನ್‌ಜೂ ತೊಯಾಮಾ ಬಯಲನ್ನು ಪ್ರವೇಶಿಸಿದೊಡನೆ ಕಾಲುವೆಗಳಾಗಿ ಹರಡಿ ಭತ್ತದ ಗದ್ದೆಗಳಿಗೆ ನೀರುಣಿಸುತ್ತದೆ. ಆ ಕಾಲುವೆಗಳ ನೀರನ್ನೇ ಹಳ್ಳಿಗರು ಕುಡಿಯುತ್ತಿದ್ದರು, ಅಡುಗೆಗೆ ಬಳಸುತ್ತಿದ್ದರು. ವೇಗವಾಗಿ ಬಂದ ನೀರು ಗದ್ದೆಯೊಳಗೆ ಇಳಿದು ನಿಂತಾಗ ಅದರ ಹೂಳು ಮೊದಲು ಕೂರುವುದು ನೀರು ಒಳಬರುವ ಬಾಯಿಯ ಬಳಿ. ಆ ಬಾಯಿಯ ಸಮೀಪದ ಮಣ್ಣಿನಲ್ಲಿಯೇ ಕ್ಯಾಡ್ಮಿಯಂ ಅತಿ ಹೆಚ್ಚಾಗಿದ್ದದ್ದು ಮುಂದೆ ಪರೀಕ್ಷೆಗಳಿಂದ ಸಿದ್ಧಪಟ್ಟಿತು. ಆದರೆ ಅಲ್ಲಿ ಪೈರು ಕುಗ್ಗುವುದನ್ನು ರೈತರು ಅದಕ್ಕೆ ಬಹಳ ಮೊದಲೇ ಕಣ್ಣಾರೆ ಕಂಡು ದೂರಿದ್ದರು. ಪ್ರಯೋಗಶಾಲೆಗಿಂತ ಮುಂಚೆ ಗದ್ದೆಯೇ ಸಾಕ್ಷಿ ಹೇಳಿತ್ತು.

ಭತ್ತದ ಗದ್ದೆಯೆಂದರೆ ಮಾರ್ಟಿಮರ್ ಕಂಡ ಸರೋವರದ ಕೆಸರನ್ನೇ ಮನುಷ್ಯರು ವರ್ಷವರ್ಷವೂ ಕಟ್ಟಿ, ಕೆಡವಿ ಮಾಡುವ ಕೃಷಿ. ನೀರು ನಿಂತ ಕೆಲವೇ ದಿನಗಳಲ್ಲಿ ಮಣ್ಣಿನ ಸೂಕ್ಷ್ಮಜೀವಿಗಳು ಆಮ್ಲಜನಕವನ್ನೆಲ್ಲ ತೀರಿಸುತ್ತವೆ. ಬಳಿಕ ಕ್ರಮವಾಗಿ ನೈಟ್ರೇಟು, ಮ್ಯಾಂಗನೀಸ್, ಕಬ್ಬಿಣ, ಕೊನೆಗೆ ಸಲ್ಫೇಟಿನ ಸರದಿ. ಕಬ್ಬಿಣ ಕರಗಿದಾಗ ರಂಜಕ ಬಿಡುಗಡೆಯಾಗಿ ಪೈರಿಗೆ ಒದಗುತ್ತದೆ. ನೀರು ನಿಂತ ಗದ್ದೆಯ ಔದಾರ್ಯದ ಗುಟ್ಟುಗಳಲ್ಲಿ ಇದೊಂದು. ಸಲ್ಫೇಟು ಸಲ್ಫೈಡಾಗಿ ಮಾರ್ಪಟ್ಟಾಗ ಕ್ಯಾಡ್ಮಿಯಂ ಅದರೊಡನೆ ಕೂಡಿ, ಬಂಡೆಯಲ್ಲಿದ್ದಂತೆಯೇ ಮತ್ತೆ ಕರಗದ ರೂಪ ತಾಳುತ್ತದೆ. ಎಂದರೆ ನೀರು ನಿಂತಿರುವವರೆಗೆ ವಿಷಕ್ಕೆ ಬೀಗ ಬಿದ್ದಿರುತ್ತದೆ.

ಆದರೆ ತೆನೆ ಹೊರಟು ಕಾಳು ಕಟ್ಟುವ ಕಾಲಕ್ಕೆ, ಕೊಯ್ಲಿಗೆ ನೆಲ ಗಟ್ಟಿಯಾಗಲೆಂದು ರೈತನು ನೀರನ್ನು ಬಸಿಯುತ್ತಾನೆ. ಮಣ್ಣು ಬಿರಿಯುತ್ತದೆ, ಗಾಳಿ ಒಳಹೊಗುತ್ತದೆ. ಸಲ್ಫೈಡು ಸಲ್ಫೇಟಾಗುತ್ತದೆ, ಕ್ಯಾಡ್ಮಿಯಂ ಕರಗುತ್ತದೆ. ಬೇರು ಅದನ್ನು ಹೀರುತ್ತದೆ. ಭತ್ತದ ಬೇರು ಮ್ಯಾಂಗನೀಸನ್ನು ಒಳಗೆ ಕರೆದುಕೊಳ್ಳುವ ಬಾಗಿಲಿನಿಂದಲೇ ಕ್ಯಾಡ್ಮಿಯಂ ಕೂಡ ನುಸುಳುತ್ತದೆಂಬುದನ್ನು ಜಪಾನಿನ ವಿಜ್ಞಾನಿಗಳು 2012ರಲ್ಲಿ ತೋರಿಸಿದರು. ಒಳ್ಳೆಯ ರೈತನು ಮಾಡಬೇಕಾದುದನ್ನೇ ಜಿನ್‌ಜೂ ದಂಡೆಯ ರೈತರು ಮಾಡಿದರು. ಅವರ ಕೃಷಿಜ್ಞಾನದಲ್ಲಿ ತಪ್ಪಿರಲಿಲ್ಲ. ತಪ್ಪಿದ್ದುದು ಅವರಿಗೆ ತಿಳಿಸದೆ ಅವರ ಮಣ್ಣಿಗೆ ಸೇರಿಸಿದ ವಸ್ತುವಿನಲ್ಲಿ.

ಇಂತಹ ಅಕ್ಕಿಯನ್ನು ಒಂದು ದಿನ, ಒಂದು ವರ್ಷ ಉಂಡರೆ ಏನೂ ಕಾಣದು. ಕ್ಯಾಡ್ಮಿಯಂ ದೇಹದಲ್ಲಿಯೂ ಹೂಳಿನಂತೆಯೇ ನಡೆದುಕೊಳ್ಳುತ್ತದೆ. ಬಂದದ್ದು ಬೇಗ ಹೋಗುವುದಿಲ್ಲ. ಮೂತ್ರಪಿಂಡದಲ್ಲಿ ಸೇರಿದ ಕ್ಯಾಡ್ಮಿಯಂನಲ್ಲಿ ಅರ್ಧ ಭಾಗ ಹೊರಹೋಗಲು 10ರಿಂದ 30 ವರ್ಷಗಳೇ ಬೇಕು. ಮೂತ್ರಪಿಂಡದ ಸೂಕ್ಷ್ಮ ನಾಳಗಳ ಕೆಲಸ, ಸೋಸಿದ ನೀರಿನಿಂದ ದೇಹಕ್ಕೆ ಬೇಕಾದುದನ್ನು ಮರಳಿ ಪಡೆಯುವುದು. ಆ ನಾಳಗಳು ಕೆಟ್ಟಾಗ ರಂಜಕ, ಕ್ಯಾಲ್ಸಿಯಂ, ಸಕ್ಕರೆ, ಸಣ್ಣ ಪ್ರೋಟೀನುಗಳು ಮೂತ್ರದಲ್ಲಿ ಸೋರಿಹೋಗುತ್ತವೆ. ಡಿ ಜೀವಸತ್ವವನ್ನು ಚುರುಕುಗೊಳಿಸುವ ಮೂತ್ರಪಿಂಡದ ಶಕ್ತಿಯೂ ಕುಗ್ಗುತ್ತದೆ. ಮೂಳೆ ತನ್ನ ಖನಿಜವನ್ನು ಕಳೆದುಕೊಂಡು ಮೆತ್ತಗಾಗುತ್ತದೆ. ಹೊಲದ ಮಣ್ಣಿನಲ್ಲಿ ರಂಜಕವನ್ನು ಹಿಡಿದು ಬಿಡುವ ಲೆಕ್ಕಾಚಾರ ಹೇಗೋ, ದೇಹದಲ್ಲಿಯೂ ಹಾಗೆಯೇ ಒಂದು ಲೆಕ್ಕಾಚಾರವಿದೆ. ಈ ಲೋಹ ಅದನ್ನು ಕೆಡಿಸಿತು.

ರೋಗಕ್ಕೆ ತುತ್ತಾದವರಲ್ಲಿ ಬಹುತೇಕರು ನಡುವಯಸ್ಸು ದಾಟಿದ, ಹಲವು ಮಕ್ಕಳನ್ನು ಹೆತ್ತ ರೈತ ಹೆಂಗಸರು. ಹೆರಿಗೆ, ಎದೆಹಾಲು, ಮುಟ್ಟುಗಳಿಂದ ಅವರ ದೇಹದ ಕಬ್ಬಿಣವೂ ಕ್ಯಾಲ್ಸಿಯಂ ಕೂಡ ಮೊದಲೇ ಬರಿದಾಗಿದ್ದುವು. ಕಬ್ಬಿಣದ ಕೊರತೆಯುಳ್ಳ ಕರುಳು ಕಬ್ಬಿಣಕ್ಕಾಗಿ ಬಾಗಿಲನ್ನು ಅಗಲವಾಗಿ ತೆರೆದಾಗ ಕ್ಯಾಡ್ಮಿಯಂ ಕೂಡ ಹೆಚ್ಚಾಗಿ ಒಳಸೇರುತ್ತದೆ. ಮೊದಲು ಸೊಂಟ ತೊಡೆಗಳಲ್ಲಿ ನೋವು, ಬಾತುಕೋಳಿಯಂತೆ ಓಲಾಡುವ ನಡಿಗೆ, ಬಳಿಕ ಹಾಸಿಗೆ. ಕೆಮ್ಮಿದರೆ ಪಕ್ಕೆಲುಬು ಮುರಿಯುತ್ತಿತ್ತು. ಬೆನ್ನುಮೂಳೆ ಕುಸಿದು ಎತ್ತರ ಒಂದು ಗೇಣಿಗೂ ಮೀರಿ ಕುಗ್ಗುತ್ತಿತ್ತು. ಒಬ್ಬ ರೋಗಿಯ ಮೈಯಲ್ಲಿ 72 ಕಡೆ ಮುರಿತಗಳನ್ನು ಎಣಿಸಲಾಯಿತು. ಪ್ರಜ್ಞೆ ಮಾತ್ರ ಕೊನೆಯವರೆಗೂ ತಿಳಿಯಾಗಿರುತ್ತಿತ್ತು. ಜಪಾನೀ ಭಾಷೆಯಲ್ಲಿ ‘ಇತಾಯಿ’ ಎಂದರೆ ‘ನೋವು’. ಅವರು ಕೂಗುತ್ತಿದ್ದ ಆ ಮಾತೇ ರೋಗದ ಹೆಸರಾಯಿತು: ಇತಾಯಿ-ಇತಾಯಿ.

ಹೆಸರು ಬಂದದ್ದು 1955ರಲ್ಲಿ. ರೋಗವಾದರೋ ತೈಶೋ ಯುಗದ ಆದಿಯಿಂದ, ಎಂದರೆ 1912ರ ಸುಮಾರಿನಿಂದಲೇ ಇತ್ತು. ಅದುವರೆಗೆ ಅದನ್ನು ಪೂರ್ವಜನ್ಮದ ಕರ್ಮವೆಂದರು, ಮನೆತನದ ದೋಷವೆಂದರು. ಮನೆಯವರು ರೋಗಿಯನ್ನು ಹಿಂದಿನ ಕೋಣೆಯಲ್ಲಿ ಮರೆಮಾಡಿದರು. ಆ ಊರುಗಳಿಗೆ ಹೆಣ್ಣು ಕೊಡಲು ಜನ ಹಿಂಜರಿದರು. ಕರ್ಮವೆಂಬ ಮಾತಿನ ಭಾರ ಎಂತಹದೆಂದು ನಮ್ಮ ನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹಾಗಿನೋ ನೊಬೊರು 1915ರಲ್ಲಿ ಜನಿಸಿದವರು. ಯುದ್ಧದಿಂದ 1946ರಲ್ಲಿ ಮರಳಿ, ಫುಚು ಎಂಬ ಊರಿನಲ್ಲಿ ತಮ್ಮ ಮನೆತನದ ಆಸ್ಪತ್ರೆಯನ್ನು ವಹಿಸಿಕೊಂಡರು. ಇದ್ದಕ್ಕಿದ್ದಂತೆ ಇಷ್ಟೊಂದು ಹೆಂಗಸರು ಒಂದೇ ಬಗೆಯ ನೋವಿನಿಂದ ಬರುವುದನ್ನು ಕಂಡು ಅವರೂ ಮೊದಲು ಎಲ್ಲರಂತೆ ದುಡಿಮೆಯ ಭಾರ, ಪೌಷ್ಟಿಕಾಂಶದ ಕೊರತೆ ಎಂದೇ ಯೋಚಿಸಿದರು. ಆದರೆ ಬಡತನ ಎಲ್ಲ ಹಳ್ಳಿಗಳಲ್ಲಿಯೂ ಇತ್ತು, ರೋಗ ಮಾತ್ರ ಕೆಲವು ಹಳ್ಳಿಗಳಲ್ಲಿ ಇತ್ತು. ಅವರು ಭೂಪಟವನ್ನು ಹರಡಿ ರೋಗಿಗಳ ಮನೆಗಳನ್ನು ಒಂದೊಂದಾಗಿ ಗುರುತು ಹಾಕಿದರು. ಚುಕ್ಕೆಗಳೆಲ್ಲ ಜಿನ್‌ಜೂ ನೀರುಣಿಸುವ ಪ್ರದೇಶದೊಳಗೇ ಬಿದ್ದುವು. ಪೂರ್ವಕ್ಕೆ ಕುಮಾನೋ ನದಿಯ ನೀರನ್ನೂ ಪಶ್ಚಿಮಕ್ಕೆ ಇದಾ ನದಿಯ ನೀರನ್ನೂ ಬಳಸುವ ಹಳ್ಳಿಗಳಲ್ಲಿ ರೋಗವಿರಲಿಲ್ಲ. ಅದೇ ಬಯಲು, ಅದೇ ಹವೆ, ಅದೇ ಊಟ, ಅದೇ ದುಡಿಮೆ, ಬೇರೆಯಾಗಿದ್ದುದು ನೀರೊಂದೇ.

ಹಾಗಿನೋ 1957ರಲ್ಲಿ ಗಣಿಯ ವಿಷವೇ ಕಾರಣವೆಂದು ವೈದ್ಯರ ಸಭೆಯಲ್ಲಿ ಮಂಡಿಸಿದಾಗ ಹಳ್ಳಿಯ ವೈದ್ಯನಿಗೆ ಇದೆಲ್ಲ ಏಕೆಂಬ ತಿರಸ್ಕಾರವೇ ಹೆಚ್ಚಾಗಿ ದೊರೆಯಿತು. ಅವರ ಪಕ್ಕದಲ್ಲಿ ನಿಂತವರು ವೈದ್ಯರಿಗಿಂತ ಹೆಚ್ಚಾಗಿ ಮಣ್ಣು ನೀರು ಬಲ್ಲವರು: ಕೃಷಿತಜ್ಞ ಯೊಶಿಯೋಕಾ ಕಿನ್‌ಇಚಿ ಮತ್ತು ಒಕಾಯಾಮಾ ವಿಶ್ವವಿದ್ಯಾನಿಲಯದ ಕೊಬಯಾಶಿ ಜುನ್. ನೀರು, ಮಣ್ಣು, ಅಕ್ಕಿ, ರೋಗಿಗಳ ಮೂಳೆ, ಎಲ್ಲದರಲ್ಲಿಯೂ ಕೊಬಯಾಶಿಯವರ ಪರೀಕ್ಷೆಗೆ ಕ್ಯಾಡ್ಮಿಯಂ ಸಿಕ್ಕಿತು. 1961ರಲ್ಲಿ ಹಾಗಿನೋ ಮತ್ತು ಯೊಶಿಯೋಕಾ ಕ್ಯಾಡ್ಮಿಯಂನ ವಾದವನ್ನು ಬಹಿರಂಗವಾಗಿ ಮಂಡಿಸಿದರು. ಕೊಮಾತ್ಸು ಯೊಶಿಹಿಸಾ ಎಂಬ ರೈತ ಮುಂದಾಳಿನ ನೇತೃತ್ವದಲ್ಲಿ 1966ರಲ್ಲಿ ಸಂತ್ರಸ್ತರ ಸಂಘ ಕಟ್ಟಲ್ಪಟ್ಟಿತು. 1968ರ ಮಾರ್ಚಿಯಲ್ಲಿ ಅವರು ಮಿತ್ಸುಯಿಯ ಮೇಲೆ ದಾವೆ ಹೂಡಿದರು. ಅದೇ ವರ್ಷ ಮೇ 8ರಂದು ಸರ್ಕಾರವು ಇದನ್ನು ಮಾಲಿನ್ಯಜನ್ಯ ರೋಗವೆಂದು ಒಪ್ಪಿತು. ಜಪಾನಿನಲ್ಲಿ ಹಾಗೆ ಒಪ್ಪಿಗೆ ಪಡೆದ ರೋಗಗಳಲ್ಲಿ ಇದೇ ಮೊದಲನೆಯದು.

ನ್ಯಾಯಾಲಯದ ಮುಂದಿದ್ದ ಪ್ರಶ್ನೆ ವೈದ್ಯರಾದ ನಮಗೆ ವಿಶೇಷ ಆಸಕ್ತಿಯದು. ಗಣಿ ಕಾನೂನಿನ ಪ್ರಕಾರ ಸಂಸ್ಥೆಯ ಅಲಕ್ಷ್ಯವನ್ನು ಸಾಬೀತುಪಡಿಸಬೇಕಾಗಿರಲಿಲ್ಲ. ಗಣಿಯ ತ್ಯಾಜ್ಯಕ್ಕೂ ರೋಗಕ್ಕೂ ಕಾರ್ಯಕಾರಣ ಸಂಬಂಧವಿದೆಯೆಂದು ತೋರಿಸಿದರೆ ಸಾಕಿತ್ತು. ದೇಹದೊಳಗೆ ಪ್ರತಿಯೊಂದು ಹೆಜ್ಜೆಯನ್ನೂ ಸಿದ್ಧಪಡಿಸಿ ತೋರಿಸಿರೆಂದು ಪ್ರತಿವಾದಿಗಳು ಪಟ್ಟು ಹಿಡಿದರು. ಸಮುದಾಯದಲ್ಲಿ ರೋಗದ ಹಂಚಿಕೆಯೇ ಸಾಕಷ್ಟು ಸಾಕ್ಷ್ಯವೆಂದು ತೊಯಾಮಾ ಜಿಲ್ಲಾ ನ್ಯಾಯಾಲಯ 1971ರ ಜೂನ್ 30ರಂದು ತೀರ್ಪಿತ್ತಿತು. 1972ರ ಆಗಸ್ಟ್ 9ರಂದು ಮೇಲ್ಮನವಿಯಲ್ಲಿಯೂ ರೈತರೇ ಗೆದ್ದರು. ಭೂಪಟದ ಮೇಲಿನ ಚುಕ್ಕೆಗಳು ನ್ಯಾಯಪೀಠದ ಮುಂದೆ ನಿಂತು ಮಾತನಾಡಿದುವು.

ಗೆದ್ದ ಮರುದಿನ ಅವರು ಕೇಳಿ ಪಡೆದದ್ದು ಹಣವೊಂದನ್ನೇ ಅಲ್ಲ. ಪರಿಹಾರ ಮತ್ತು ಚಿಕಿತ್ಸೆಯ ವೆಚ್ಚ ಒಂದು. ಕೆಟ್ಟ ಮಣ್ಣನ್ನು ಸರಿಪಡಿಸುವ ಹೊಣೆ ಎರಡು. ಮೂರನೆಯದು, ಯಾವಾಗ ಬೇಕಾದರೂ ತಜ್ಞರೊಡನೆ ಗಣಿಯೊಳಗೆ ಹೋಗಿ ಪರೀಕ್ಷಿಸುವ ಹಕ್ಕು, ಅದರ ವೆಚ್ಚ ಸಂಸ್ಥೆಯದು. ಅಂದಿನಿಂದ ವರ್ಷವರ್ಷವೂ ರೈತರು, ವಿಜ್ಞಾನಿಗಳು, ವಕೀಲರು ಕೂಡಿ ತಪಾಸಣೆ ನಡೆಸುತ್ತ ಬಂದರು. ಗಣಿಯಿಂದ ಹೊರಬೀಳುವ ಕ್ಯಾಡ್ಮಿಯಂ ಕ್ರಮೇಣ ಇಳಿದು, ನದಿಯ ನೀರು ಸಹಜ ಸ್ಥಿತಿಗೆ ಸಮೀಪಿಸಿತು.

ನೀರು ಹೀಗೆ ತಿಳಿಯಾಯಿತು, ಮಣ್ಣು ತಿಳಿಯಾಗಲಿಲ್ಲ. ಹೊಸ ವಿಷ ಬರುವುದು ನಿಂತರೂ ಹಳೆಯ ಹೂಳಿನಲ್ಲಿದ್ದುದು ಅಲ್ಲಿಯೇ ಇತ್ತು. ಅದು ತಾನಾಗಿ ಕೊಳೆಯುವ ವಸ್ತುವಲ್ಲ, ಧಾತು. ಆದುದರಿಂದ 1979ರಲ್ಲಿ ಗದ್ದೆಗಳ ದುರಸ್ತಿ ಆರಂಭವಾಯಿತು. ಕೆಟ್ಟ ಮೇಲ್ಮಣ್ಣನ್ನು ತೆಗೆದು ಆಳದಲ್ಲಿ ಹೂಳುವುದು, ಮೇಲೆ ಜಲ್ಲಿಯ ಪದರವನ್ನು ಗಟ್ಟಿಮಾಡುವುದು, ಅದರ ಮೇಲೆ ಬೆಟ್ಟದಿಂದ ತಂದ ಶುದ್ಧ ಮಣ್ಣನ್ನು ಹರಡುವುದು. ಹೀಗೆ ಸುಮಾರು 863 ಹೆಕ್ಟೇರು ಭೂಮಿಯನ್ನು ಮರಳಿ ಕಟ್ಟಿ ಮುಗಿಸಿದ್ದು 2012ರಲ್ಲಿ. ಅದಕ್ಕೆ 33 ವರ್ಷಗಳೂ 4,000 ಕೋಟಿ ಯೆನ್‌ಗಿಂತ ಹೆಚ್ಚಿನ ಹಣವೂ ಬೇಕಾದುವು. ಅಧಿಕೃತವಾಗಿ ಗುರುತಿಸಲ್ಪಟ್ಟ ರೋಗಿಗಳು ಸುಮಾರು 200 ಮಂದಿ. ಅದಕ್ಕೆ ಮೊದಲು ಹಿಂದಿನ ಕೋಣೆಗಳಲ್ಲಿ ಕಣ್ಮುಚ್ಚಿದವರು ಯಾವ ಪಟ್ಟಿಯಲ್ಲಿಯೂ ಇಲ್ಲ. ಮೂತ್ರಪಿಂಡದ ಹಾನಿಗೊಳಗಾದ ಇತರರಿಗೂ ಪರಿಹಾರ ಒದಗಿಸುವ ಅಂತಿಮ ಒಪ್ಪಂದಕ್ಕೆ ಸಹಿಯಾದದ್ದು 2013ರಲ್ಲಿ. ಹಾಗಿನೋ ಅವರು 1990ರಲ್ಲಿಯೇ ತೀರಿಕೊಂಡಿದ್ದರು.

ಈ ಕಥೆಯಿಂದ ಜಗತ್ತಿನ ಅಕ್ಕಿ ಉಣ್ಣುವವರೆಲ್ಲರಿಗೂ ಲಾಭವಾಗಿದೆ. ಜಪಾನ್ 1970ರಲ್ಲಿ ಅಕ್ಕಿಯ ಕಿಲೋ ಒಂದಕ್ಕೆ 1 ಮಿಲಿಗ್ರಾಂ ಕ್ಯಾಡ್ಮಿಯಂ ಮಿತಿ ವಿಧಿಸಿ, 2011ರಲ್ಲಿ ಅದನ್ನು 0.4ಕ್ಕೆ ಇಳಿಸಿತು. ತೆನೆ ಹೊರಡುವ ಹಿಂದುಮುಂದಿನ ವಾರಗಳಲ್ಲಿ ಗದ್ದೆಯಲ್ಲಿ ನೀರು ನಿಲ್ಲಿಸಿರೆಂದು ಅಲ್ಲಿನ ರೈತರಿಗೆ ಸಲಹೆ ಕೊಡಲಾಯಿತು. ಆದರೆ ಇಲ್ಲಿಯೂ ಒಂದು ತೊಡಕುಂಟು. ಕಬ್ಬಿಣಕ್ಕೆ ಅಂಟಿದ ಇನ್ನೊಂದು ವಿಷ, ಶಂಖಪಾಷಾಣ ಎಂದು ನಮ್ಮ ವೈದ್ಯಗ್ರಂಥಗಳು ಕರೆಯುವ ಆರ್ಸೆನಿಕ್, ನೀರು ನಿಂತಾಗಲೇ ಬಿಡುಗಡೆಯಾಗುತ್ತದೆ. ಒಂದಕ್ಕೆ ಬೀಗ ಹಾಕುವ ಕೈ ಇನ್ನೊಂದರ ಬೀಗ ತೆರೆಯುತ್ತದೆ. ಮಣ್ಣಿನ ವಿಷಯದಲ್ಲಿ ಸುಲಭ ಪರಿಹಾರಗಳಿಲ್ಲ.

ಕನ್ನಡ ನಾಡಿನಲ್ಲಿಯೂ ಭತ್ತದ ಗದ್ದೆಗಳ ನಡುವೆ ಮೂಳೆಯ ರೋಗವೊಂದು ಕಾಣಿಸಿಕೊಂಡು ಇದೇ ಬಗೆಯ ಪ್ರಶ್ನೆಯನ್ನು ಎಬ್ಬಿಸಿತ್ತೆಂಬುದನ್ನು ತಮ್ಮಲ್ಲಿ ಮಲೆನಾಡಿನವರು ಬಲ್ಲಿರಿ. 1975ರ ಸುಮಾರಿಗೆ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಬಡ ದಲಿತ ಕೂಲಿಕಾರರ ಸೊಂಟ ಮಂಡಿಗಳನ್ನು ಊನಗೊಳಿಸಿದ ಆ ಕಾಯಿಲೆಗೆ, ಗದ್ದೆಗೆ ಹೊಡೆದ ಕೀಟನಾಶಕವೂ, ಆ ಗದ್ದೆಯ ಏಡಿ ಮೀನುಗಳನ್ನು ತಿಂದದ್ದೂ ಕಾರಣವಿರಬಹುದೆಂದು ಮೊದಲು ಶಂಕಿಸಲಾಯಿತು. ಮುಂದಿನ ಸಂಶೋಧನೆಗಳು ಅದನ್ನು ವಂಶವಾಹಿಯಿಂದ ಬರುವ ಮೂಳೆಯ ಬೆಳವಣಿಗೆಯ ದೋಷವೆಂದು ಕಂಡುವು. ತೊಯಾಮಾದಲ್ಲಿ ಮನೆತನದ ದೋಷವೆಂದದ್ದು ನೀರಿನ ವಿಷವಾಗಿತ್ತು. ಹಂದಿಗೋಡಿನಲ್ಲಿ ಗದ್ದೆಯ ವಿಷವೆಂದು ಶಂಕಿಸಿದ್ದು ಮನೆತನದಲ್ಲಿ ಹರಿದು ಬಂದದ್ದಾಗಿತ್ತು. ಎರಡೂ ಕಡೆ ಉತ್ತರ ದೊರೆತದ್ದು ಊಹೆಯಿಂದಲ್ಲ, ಮನೆ ಮನೆಗೆ ಹೋಗಿ ಕೇಳಿ ಬರೆದುಕೊಂಡದ್ದರಿಂದ.

ಇಲ್ಲಿ ನಮ್ಮದೊಂದು ತಪ್ಪೊಪ್ಪಿಗೆಯೂ ಇದೆ. ಎಂಬಿಬಿಎಸ್ ಮುಗಿಸಿ ಹೌಸ್ ಸರ್ಜನ್ ಆಗಿದ್ದ ದಿನಗಳಲ್ಲಿ ಮೈಕೈ ನೋವೆಂದು ಬರುತ್ತಿದ್ದ ರೈತ ಹೆಂಗಸರಿಗೆ ನಾವು ಕ್ಯಾಲ್ಸಿಯಂ ಮಾತ್ರೆ ಬರೆದು ಕಳುಹಿಸುತ್ತಿದ್ದೆವು. ನಿಮ್ಮ ಊರು ಯಾವ ಹೊಳೆಯ ದಂಡೆ, ಕುಡಿಯುವ ನೀರು ಎಲ್ಲಿಯದು, ನಿಮ್ಮ ಓಣಿಯಲ್ಲಿ ಇನ್ನಾರಿಗೆ ಹೀಗಿದೆ ಎಂದು ಒಬ್ಬರನ್ನೂ ಕೇಳಲಿಲ್ಲ. ಸಾಲು ಉದ್ದವಿತ್ತು, ಕೇಳಲು ಯಾರೂ ಕಲಿಸಿರಲಿಲ್ಲ ಎಂಬುದು ನೆಪ. ಪರದೇಶಕ್ಕೆ ಬಂದು ರೆಸಿಡೆನ್ಸಿ ಮಾಡುವಾಗ ಹಾಗಿನೋ ಅವರ ಭೂಪಟದ ವಿಷಯವನ್ನು ಓದಿದಾಗ, ನಾವು ಹಾಗೆ ಕಳುಹಿಸಿಕೊಟ್ಟ ಮುಖಗಳು ಕಣ್ಣ ಮುಂದೆ ಬಂದುವು. ಅವರಿಗೆ ಇಂತಹ ರೋಗವೇ ಇತ್ತೆಂದು ಹೇಳುತ್ತಿಲ್ಲ. ಇದ್ದಿದ್ದರೂ ನಮಗೆ ತಿಳಿಯುತ್ತಿರಲಿಲ್ಲ ಎಂಬುದೇ ನಮ್ಮ ಮಾತು.

ಕೊನೆಯದಾಗಿ ಒಂದು ಸಂಗತಿ. ಕಾಮಿಯೋಕಾದಲ್ಲಿ ಅದಿರು ತೆಗೆಯುವುದು 2001ರಲ್ಲಿ ನಿಂತಿತು. ಅದೇ ಬೆಟ್ಟದ ಗರ್ಭದಲ್ಲಿ ಜಪಾನಿನ ಭೌತವಿಜ್ಞಾನಿಗಳು ನ್ಯೂಟ್ರಿನೋ ಕಣಗಳನ್ನು ಹಿಡಿಯುವ ವೀಕ್ಷಣಾಲಯಗಳನ್ನು ಕಟ್ಟಿದ್ದಾರೆ. ಅಲ್ಲಿನ ಸಂಶೋಧನೆಗೆ 2002 ಮತ್ತು 2015ರಲ್ಲಿ ನೊಬೆಲ್ ಪುರಸ್ಕಾರ ಸಂದಿತು. 1996ರಲ್ಲಿ ಕೆಲಸ ಆರಂಭಿಸಿದ ಸೂಪರ್ ಕಾಮಿಯೋಕಾಂಡೆಯ ತೊಟ್ಟಿಯಲ್ಲಿ ತುಂಬಿದ್ದು 50,000 ಟನ್ ನೀರು, ಅದೂ ಸೋಸಿ ಸೋಸಿ ಶುದ್ಧಗೊಳಿಸಿದ ನೀರು. ನಕ್ಷತ್ರಗಳಿಂದ ಬಂದ ಕಣವನ್ನು ಕಾಣಲು ನೀರು ಅಷ್ಟು ಶುದ್ಧವಾಗಿರಬೇಕಂತೆ. ಅದೇ ಬೆಟ್ಟದ ಕೆಳಗಿನ ಬಯಲಿನಲ್ಲಿ, ಒಂದು ಕಾಲಕ್ಕೆ, ಮನುಷ್ಯರು ಕುಡಿಯುವ ನೀರಿಗೆ ಆ ಎಚ್ಚರಿಕೆಯ ಸಾವಿರದಲ್ಲೊಂದು ಪಾಲೂ ದೊರೆತಿರಲಿಲ್ಲ.

ನಮ್ಮಲ್ಲಿ ಬಹುತೇಕರು ಊರಿನ ಹೊಳೆಗಳಿಂದ ದೂರ ಬಂದವರು. ರಜೆಯಲ್ಲಿ ಹೋದಾಗ ಹೊಳೆಗೆ ಕೈಮುಗಿದು, ನೀರನ್ನು ತಲೆಗೆ ಪ್ರೋಕ್ಷಿಸಿಕೊಂಡು ಬರುತ್ತೇವೆ. ಇನ್ನು ಮುಂದೆ ಹೋದಾಗ ದಂಡೆಯಲ್ಲಿ ಸ್ವಲ್ಪ ಹೊತ್ತು ಕುಳಿತು, ಕಾಲ ಕೆಳಗಿನ ಕೆಸರನ್ನೂ ಒಮ್ಮೆ ಗಮನಿಸಿ, ಮೇಲ್ಗಡೆ ಏನು ನಡೆಯುತ್ತಿದೆಯೆಂದು ಊರಿನವರನ್ನು ಕೇಳಿ ಬರುವಿರೆಂದು ಆಶಿಸಿ, ಈ ಮಾತುಗಳನ್ನು ಮುಗಿಸುತ್ತೇವೆ.